ಎಂಟನೇ ಕ್ಲಾಸಿನಲ್ಲಿ ಜೊತೆಗಿದ್ದವರು

ನಮ್ಮ ಹೈಸ್ಕೂಲಿನವರೆಲ್ಲ ಸೇರಿ ಒಂದು ಗುರುವಂದನೆ ಇಟ್ಟುಕೊಳ್ಳಬೇಕೆಂಬ ಮಾತು ಎಷ್ಟೋ ವರ್ಷದಿಂದ ಇತ್ತು. ಕೊನೆಗೆ ಕಳೆದ ಡಿಸೆಂಬರಿನಲ್ಲಿ ಸಾಗರದಲ್ಲೇ ಸೇರುವುದೆಂದು ನಿಕ್ಕಿಯಾಯಿತು. ಊರಲ್ಲೇ ಉಳಿದವರು ಓಡಾಟದ ಹೊಣೆ ಹೊತ್ತರು. ವಾಟ್ಸಾಪಿನಲ್ಲಿ '1987ರ ಎಸ್ಸೆಸ್ಸೆಲ್ಸಿ ಬ್ಯಾಚ್' ಅಂತ ಒಂದು ಗ್ರೂಪು ಆಯಿತು, ಹಿಂದೆಯೇ ಹೆಸರುಗಳ ಪಟ್ಟಿಯೂ ಬಂತು.

ಪಟ್ಟಿ ಓದುತ್ತಾ ಹೋದ ಹಾಗೆ ನನಗೆ ಸಮಾಧಾನವಾಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ನಾವು ಬೆಂಚಿಗೆ ಐದೈದು ಜನ ಒತ್ತಿಕೊಂಡು ಕೂರುತ್ತಿದ್ದೆವು. ಪಟ್ಟಿಯಲ್ಲಿ ಅಷ್ಟು ಜನ ಎಲ್ಲಿದ್ದಾರೆ? ಒಂಬತ್ತರಲ್ಲಿ ಬಿಟ್ಟವರು, ಹತ್ತರಲ್ಲಿ ಗಣಿತವೋ ಇಂಗ್ಲಿಷೋ ಕೈಕೊಟ್ಟು ಅಲ್ಲಿಗೇ ನಿಂತವರು, ದೊಡ್ಡವಳಾದಳೆಂದು ಮನೆಯಲ್ಲೇ ಉಳಿಸಿಕೊಂಡ ಹುಡುಗಿಯರು, ಇವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಬೇಕೆಂದೇ ಯಾರೂ ಬಿಟ್ಟಿದ್ದಲ್ಲ. ಪಾಸಾದವರಿಗೆ ಪಾಸಾದವರ ಗುರುತು ಸಿಕ್ಕಿತ್ತು, ಅಷ್ಟೆ. ಆದರೆ ಜಂಬಗಾರು ಸ್ಟೇಷನ್ನಿಗೆ ಹೋಗಿ ತಾಳಗುಪ್ಪದ ಮೀಟರ್ ಗೇಜ್ ರೈಲು ಬರುವುದನ್ನು ನೋಡುತ್ತಾ ನಿಂತಾಗ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯಲ್ಲಿ ತೊಟ್ಟಿಲು ಹತ್ತಲು ಕಾಸು ಒಟ್ಟುಮಾಡಿದಾಗ, ಜೊತೆಗಿದ್ದವರು ಪಾಸೋ ಫೇಲೋ ಎಂದು ಯಾರು ಕೇಳಿದ್ದರು? 'ಎಂಟನೇ ಕ್ಲಾಸಿನಲ್ಲಿ ಜೊತೆಗಿದ್ದವರನ್ನೆಲ್ಲ ಕರೆಯೋಣ' ಎಂದು ಗ್ರೂಪಿಗೆ ಬರೆದೆ. ಶಿವಮೊಗ್ಗದಲ್ಲಿರುವ ಗೆಳತಿಯೊಬ್ಬಳು ಕೂಡಲೇ ಫೋನು ಮಾಡಿ, 'ನಾನೂ ಅದನ್ನೇ ಯೋಚಿಸ್ತಿದ್ದೆ ಮಾರಾಯ್ತಿ, ಹುಡುಕನ' ಅಂದಳು.

ಶಾಲೆಯವರು ಪ್ರೀತಿಯಿಂದ ಹಳೆಯ ದಾಖಲಾತಿ ಪುಸ್ತಕ ತೆಗೆಸಿಕೊಟ್ಟರು. ಅಂಚು ಹುಳ ತಿಂದ, ಹಳದಿಗಟ್ಟಿದ ಉದ್ದನೆಯ ಹಾಳೆಗಳು. 1984ರ ಜೂನ್ ತಿಂಗಳ ಪುಟಗಳಲ್ಲಿ ನಾವೆಲ್ಲ ಸಾಲಾಗಿ ಇದ್ದೆವು. ಅಪ್ಪನ ಹೆಸರು, ಊರು, ಹುಟ್ಟಿದ ತಾರೀಕು, ಕೊನೆಯಲ್ಲಿ ಶಾಲೆ ಬಿಟ್ಟ ಕಾರಣ. ನನ್ನ ಹೆಸರಿನ ಮುಂದೆ 'ಉತ್ತೀರ್ಣ' ಎಂದಿತ್ತು. ಎರಡು ಸಾಲು ಕೆಳಗೆ ಹೊಳೆಯಾಚೆಯ ಹುಡುಗನ ಹೆಸರಿತ್ತು. ಅವನ ಮುಂದೆ ಕೆಂಪು ಶಾಯಿಯಲ್ಲಿ 'ದೀರ್ಘ ಗೈರುಹಾಜರಿ' ಎಂದು ಬರೆದಿತ್ತು.

ಅವನು ಕರೂರು ಹೋಬಳಿಯವನು. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡ ಕಟ್ಟಿದ ಮೇಲೆ, 1964ರಿಂದೀಚೆಗೆ, ಆ ಸೀಮೆಯವರಿಗೆ ಸಾಗರ ಎಂದರೆ ಹಿನ್ನೀರು ದಾಟಿ ಬರಬೇಕಾದ ಊರು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು, ದಾಟಿ ಬಂದು ಬಸ್ಸು ಹಿಡಿಯಬೇಕಿತ್ತು. ಕತ್ತಲಾದ ಮೇಲೆ ಲಾಂಚೂ ಇರಲಿಲ್ಲ. ಹಾಗಾಗಿ ಅವನು ಸಾಗರದ ನೆಂಟರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಶನಿವಾರ ಊರಿಗೆ ಹೋದರೆ ಸೋಮವಾರ ಬರುವಷ್ಟರಲ್ಲಿ ಎರಡನೇ ಪೀರಿಯಡ್ ಮುಗಿದಿರುತ್ತಿತ್ತು.

ಒಂದು ಸಲ ಭೂಗೋಳದ ಪಾಠದಲ್ಲಿ ಮೇಷ್ಟ್ರು ಗೋಡೆಗೆ ನಕ್ಷೆ ತೂಗುಹಾಕಿ ಲಿಂಗನಮಕ್ಕಿ ಎಲ್ಲಿದೆ ತೋರಿಸು ಅಂದರು. ಅವನು ತೋರಿಸಿದ. ಆಮೇಲೆ, 'ಸಾರ್, ಇದರ ನೀರೊಳಗೆ ಇನ್ನೊಂದು ಡ್ಯಾಮ್ ಇದೆ' ಅಂದ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹಿರೇಭಾಸ್ಕರ ಅಣೆಕಟ್ಟಿನ ಕಥೆ ಹೇಳಿದರು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆಂದು ಮಡೆನೂರಿನಲ್ಲಿ ಕಟ್ಟಿ 1948ರಲ್ಲಿ ಮುಗಿಸಿದ ಅಣೆಕಟ್ಟು ಅದು. ಅದಕ್ಕಿಂತ ದೊಡ್ಡದು ಬಂದಾಗ ಆ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಮೇಲೆ ಕಾಣುತ್ತದೆ. ಹುಡುಗ ಅದನ್ನು ಅಜ್ಜನ ಜೊತೆ ಹೋಗಿ ಕಣ್ಣಾರೆ ಕಂಡಿದ್ದ. ನಮಗದು ಪಾಠ, ಅವನಿಗೆ ಅದು ಅಜ್ಜನ ಗದ್ದೆಯ ದಾರಿ.

ಒಂಬತ್ತನೇ ಕ್ಲಾಸಿನ ಮಳೆಗಾಲದಲ್ಲಿ ಅವನು ಬರುವುದು ನಿಂತಿತು. ಯಾಕೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ತಿಳಿದದ್ದು ಈ ಸಲ, ಅವನು ಫೋನಿಗೆ ಸಿಕ್ಕಾಗಲೇ. ನೆಂಟರಿಗೆ ಬೇರೆ ಊರಿಗೆ ವರ್ಗವಾಗಿತ್ತು, ವರ್ಷದ ನಡುವೆ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. 'ದಿನಾ ಹೊಳೆ ದಾಟಿ ಬರದು ಎಂತ ಆಗ್ತಿತ್ತು ಹೇಳಿ' ಅಂದ. ದನಿಯಲ್ಲಿ ದೂರು ಇರಲಿಲ್ಲ. ಆ ನೀರಿನಿಂದ ನಾಡಿಗೆಲ್ಲ ಕರೆಂಟು ಹೋಯಿತು. ನೀರಿಗೆ ನೆಲ ಕೊಟ್ಟವರ ಮನೆಯ ಹುಡುಗನಿಗೆ ಹತ್ತನೇ ಕ್ಲಾಸು ದಾಟಲು ದಾರಿ ಇರಲಿಲ್ಲ. ಇದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಇನ್ನೊಬ್ಬಳನ್ನು ಹುಡುಕಿದ್ದು ಶಿವಮೊಗ್ಗದ ಗೆಳತಿ. ಹಾಗೆ ಸಿಕ್ಕವಳು ಈಗ ಹೊಸನಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಕರೆದಾಗ ಮೊದಲು ಕೇಳಿದ್ದು, 'ನಾ ಬರದು ಸರಿ ಆಗ್ತದನೇ? ನಾ ಪಾಸೇ ಆಗ್ಲಿಲ್ವಲೇ.' ಇಷ್ಟು ವರ್ಷ ಆ ಮಾತನ್ನು ಅವಳು ಹೊತ್ತುಕೊಂಡೇ ಇದ್ದಳು. ಬಾ ಎಂದು ಒಪ್ಪಿಸುವುದಕ್ಕೆ ಮೂವರು ಮಾತಾಡಬೇಕಾಯಿತು.

ಸೇರಿದ ದಿನ ಮೊದಲೊಂದು ತಾಸು ಎಲ್ಲರಿಗೂ ಮುಜುಗರ. ಆ ಕಾಲದಲ್ಲಿ ಹುಡುಗರೂ ಹುಡುಗಿಯರೂ ಒಂದೇ ಕ್ಲಾಸಿನಲ್ಲಿದ್ದರೂ ಮಾತಾಡಿದವರಲ್ಲ, ನೋಟ್ಸು ಬೇಕಾದರೂ ಮೇಷ್ಟ್ರ ಮೂಲಕವೇ ಕೇಳಬೇಕಿತ್ತು. 'ನೀವು ಎಲ್ಲಿದ್ದೀರಿ', 'ನಿಮಗೆ ಎಷ್ಟು ಜನ ಮಕ್ಕಳು' ಎಂದು ಶುರುವಾದ ಬಹುವಚನ ಊಟದ ಹೊತ್ತಿಗೆ ಕಳಚಿ ಬಿತ್ತು. ಅಪ್ಪೆಹುಳಿ ಬಡಿಸುತ್ತಾ ಬಂದವನಿಗೆ ಒಬ್ಬಳು, 'ಏಯ್, ಇಲ್ಲಿಗೆ ಇನ್ನೊಂದು ಸೌಟು ಹಾಕಾ' ಅಂದಾಗ ಪಂಕ್ತಿಯೆಲ್ಲ ನಕ್ಕಿತು. ಆಮೇಲೆ ಯಾರೂ ಯಾರಿಗೂ 'ನೀವು' ಅನ್ನಲಿಲ್ಲ.

ಹೊಳೆಯಾಚೆಯವನು ಮಗನ ಕಾರಿನಲ್ಲಿ ಬಂದ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿತ್ತಲ್ಲ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು. 'ಹೊಳೆ ದಾಟಕ್ಕೆ ಐದು ನಿಮಿಷ ಸಾಕಾತು' ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಭೂಗೋಳದ ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಅವನು ಕಾಲಿಗೆ ಬಿದ್ದು ಹೆಸರು ಹೇಳಿದ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಊರಿನ ಹೆಸರು ಹೇಳಿದ. ಮೇಷ್ಟ್ರು ಅವನ ಮುಖವನ್ನೇ ನೋಡುತ್ತಾ, 'ಈ ವರ್ಷ ಮಡೆನೂರು ಕಂಡಿತೇನೋ?' ಎಂದು ಕೇಳಿದರು.

ಅವನು ಪಕ್ಕದ ಕುರ್ಚಿಯಲ್ಲಿ ಕೂತವನು ಸನ್ಮಾನ ಮುಗಿಯುವವರೆಗೂ ಏಳಲಿಲ್ಲ. ಶಾಲು ಹೊದೆಸುವ ಸರದಿ ಬಂದಾಗ ನಾವೆಲ್ಲ ಅವನಿಗೂ ಉಪ್ಪಿನಕಾಯಿಯ ಗೆಳತಿಗೂ ಬಿಟ್ಟುಕೊಟ್ಟೆವು. ಅವಳು ಹಾರ ಹಿಡಿದು ಬಂದಾಗ ಮೇಷ್ಟ್ರು ತಾವೇ ತಲೆ ಬಗ್ಗಿಸಿದರು.

ಗ್ರೂಪಿನ ಹೆಸರನ್ನು ಆವತ್ತು ರಾತ್ರಿಯೇ '1984ರ ಎಂಟನೇ ಕ್ಲಾಸು' ಎಂದು ಬದಲಾಯಿಸಿದ್ದಾರೆ. ದಾಖಲಾತಿ ಪುಸ್ತಕದಲ್ಲಿ ಇನ್ನೂ ಸಿಗದ ಹೆಸರುಗಳಿವೆ. ಕೆಲವರ ಊರೇ ಬದಲಾಗಿದೆ, ಕೆಲವು ಹುಡುಗಿಯರ ಮದುವೆಯ ನಂತರದ ವಿಳಾಸ ತವರಿನವರಿಗೂ ಸರಿಯಾಗಿ ತಿಳಿದಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಹೊಳೆಯಾಚೆ ಅವನ ಮನೆಯಲ್ಲಿ ಸೇರುವುದೆಂದು ಮಾತಾಗಿದೆ. ಅಷ್ಟರೊಳಗೆ ಆ ಪುಟದ ಇನ್ನಷ್ಟು ಜನರನ್ನು ಹುಡುಕಬೇಕು. ಆನಂದಪುರದ ಕಡೆಯವರನ್ನು ಹುಡುಕುವ ಕೆಲಸ ನನ್ನದು.