ಘಾಟಿಯಲ್ಲಿ ಕಾದ ಎಂಜಿನ್

ಅಪ್ಪನ 1998ರ ಕಾರು. ಹೋದ ವಾರ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಹೀಟರ್ ಪೂರ್ತಿ ಹಾಕಿದೆ, ಅದು ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಜಾಗ ಸಿಕ್ಕ ಕೂಡಲೇ ನಿಲ್ಲಿಸಿದೆ. ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಲಿಲ್ಲ. ಒಳಗೆ ಕುಕ್ಕರಿನ ಹಾಗೆ ಒತ್ತಡ, ತೆಗೆದರೆ ಮುಖಕ್ಕೇ ಹಾರುತ್ತದೆ.

ಬೆಲ್ಟ್ ಸರಿಯಿತ್ತು, ನೀರು ಸೋರಿರಲಿಲ್ಲ. ಆದರೆ ಎಂಜಿನ್ ಅಷ್ಟು ಕಾದಿದ್ದರೂ ರೇಡಿಯೇಟರಿಗೆ ಹೋಗುವ ಪೈಪ್ ಬರೀ ಉಗುರುಬೆಚ್ಚಗೆ! ಬಿಸಿ ನೀರು ಅಲ್ಲಿಗೆ ಹೋಗುತ್ತಲೇ ಇಲ್ಲ ಅಂತಾಯ್ತು, ಅಲ್ವಾ?

ಮನೆಗೆ ಬಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ನೀರು ಬಿಡುವ ಪುಟ್ಟ ಕವಾಟ) ಬಿಚ್ಚಿ ಪಾತ್ರೆಯ ನೀರಿನಲ್ಲಿ ಕುದಿಸಿದೆ. ಸುಮಾರು 82 ಡಿಗ್ರಿಗೆ ಬಾಯಿ ಬಿಡಬೇಕಾದದ್ದು ಕುದಿಯುವ ನೀರಲ್ಲೂ ಬಿಡಲಿಲ್ಲ. ‘ಅದಿಲ್ಲದೇನೇ ಓಡಿಸಿ’ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿ, ರೇಡಿಯೇಟರಿನಲ್ಲಿದ್ದ ಬೋರ್‌ವೆಲ್ ನೀರನ್ನು ಹೊರಗೆ ಚೆಲ್ಲಿ, ಎಂಜಿನ್ ತಂಪಿಡುವ ದ್ರವ ಕೂಲೆಂಟ್ ತುಂಬಿದೆ.

ಅಪ್ಪ ಪ್ರತಿ ಪ್ರಯಾಣಕ್ಕೂ ಮೊದಲು ಬಾನೆಟ್ ಎತ್ತಿ ನೋಡುತ್ತಿದ್ದರು. ಚಿಕ್ಕವನಿದ್ದಾಗ ಸುಮ್ನೆ ತಡ ಮಾಡುತ್ತಾರೆ ಅನ್ನಿಸುತ್ತಿತ್ತು. ಭಾನುವಾರ ಮತ್ತೆ ಘಾಟಿ ಹತ್ತಿದೆವು. ಅಪ್ಪ ಪಕ್ಕದಲ್ಲಿ ಕೂತು ಕಣಿವೆ ನೋಡಲೇ ಇಲ್ಲ, ಮುಳ್ಳನ್ನೇ ನೋಡುತ್ತಿದ್ದರು. ಕೊಟ್ಟಿಗೆಹಾರದವರೆಗೂ ಅದು ಅರ್ಧದಿಂದ ಮೇಲೇರಲಿಲ್ಲ.