ಮೂರು ಮಿಲಿಲೀಟರ್‌ನ ಅವಾಂತರ

ಆಕಾಶ ಕೊನೆಗೂ ಕಪ್ಪಾಗಿದೆ! ಲಾಲ್‌ಬಾಗ್ ಬಂಡೆಯ ಮೇಲೆ ತೆಗೆದು ಮನೆಯಲ್ಲೇ ತೊಳೆದ ಮೂರನೆಯ ಕಪ್ಪು-ಬಿಳುಪು ಫಿಲ್ಮ್ ರೋಲ್ ಬಚ್ಚಲುಮನೆಯ ಹಗ್ಗದಲ್ಲಿ ನೇತಾಡುತ್ತಿದೆ. ಹಿಂದಿನ ಎರಡು ರೋಲ್‌ಗಳ ನೆಗೆಟಿವ್‌ನಲ್ಲಿ (ಬೆಳಕು ಬಿದ್ದ ಕಡೆ ಕಪ್ಪಾಗುವ ಫಿಲ್ಮ್) ಅದೇ ಆಕಾಶ ನೀರುಮಜ್ಜಿಗೆಯಷ್ಟು ತೆಳ್ಳಗಿತ್ತು.

ಫಿಲ್ಮ್‌ನಲ್ಲಿ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 1891ರಲ್ಲಿ ಪೇಟೆಂಟ್ ಆದ ರೋಡಿನಾಲ್‌ನ ವಂಶದ್ದು. 1+100 (ಒಂದು ಪಾಲು ಡೆವಲಪರ್, ನೂರು ಪಾಲು ನೀರು), ಒಂದು ಗಂಟೆ ಅಲುಗಾಡಿಸದೆ ಇಡುವುದು. ಒಟ್ಟು 101 ಭಾಗ. ಫಿಲ್ಮ್ ತೊಳೆಯುವ ಟ್ಯಾಂಕ್‌ಗೆ 290 ಮಿ.ಲೀ. ಬೇಕು, ಹಾಗಾಗಿ ಸಿರಿಂಜ್‌ನಲ್ಲಿ 2.87 ಮಿ.ಲೀ. ಲೆಕ್ಕವನ್ನು ಮೂರು ಸಲ ಮಾಡಿದೆ, ಮೂರು ಸಲವೂ ಸರಿಯೇ.

ಮೊದಲ ಗುಮಾನಿ 1:100 ಮತ್ತು 1+100ರ ಹಳೆಯ ಜಗಳದ ಮೇಲೆ. ನೂರರಲ್ಲಿ ಒಂದು ಎಂದುಕೊಂಡರೆ 2.9 ಮಿ.ಲೀ. ಆ ವ್ಯತ್ಯಾಸ ನನ್ನ ಸಿರಿಂಜ್‌ನ ಕಣ್ಣಿಗೇ ಬೀಳುವುದಿಲ್ಲ. (ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್‌ನಲ್ಲಿ ಮಾತ್ರ ಎಚ್ಚರ: 1+4 ಎಂದರೆ ಶೇ. 20, ನಾಲ್ಕರಲ್ಲಿ ಒಂದು ಎಂದರೆ ಶೇ. 25.) ಎರಡನೆಯ ಗುಮಾನಿ ನೀರಿನ ಮೇಲೆ. ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ, ಉಳಿದಂತೆ ಬೋರ್‌ವೆಲ್. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಹೊತ್ತು ತಂದೆ. ಎರಡನೆಯ ರೋಲ್ ಅದರಲ್ಲೇ ತೊಳೆದದ್ದು, ಫಲ ಅದೇ ಮಜ್ಜಿಗೆ.

ಆಮೇಲೆ ರಾಸಾಯನಿಕ ಮಾರುವವನ ಮೇಲೆ ಸಿಟ್ಟು ತಿರುಗಿತು. ಗ್ಲೇಶಿಯಲ್, ಅಂದರೆ ಹೆಚ್ಚುಕಡಿಮೆ ಶುದ್ಧ, ಅಸಿಟಿಕ್ ಆಮ್ಲ ಕೇಳಿದ್ದೆ. ಮಸುಕಾದ ಚೀಟಿಯನ್ನು ಬೆಳಕಿಗೆ ಹಿಡಿದರೆ ಶೇ. 80 ಎಂದಿದೆ. ಡೆವಲಪರ್‌ನ ಕೆಲಸ ನಿಲ್ಲಿಸುವ ಶೇ. 2ರ ಸ್ಟಾಪ್ ಬಾತ್‌ಗೆ ಲೀಟರಿಗೆ 25 ಮಿ.ಲೀ. ಹಾಕಬೇಕಿತ್ತು, ನಾನು 20 ಹಾಕಿ ಶೇ. 1.6ರಲ್ಲಿ ಕಾಲ ತಳ್ಳಿದ್ದೆ. ಕೇಳಿದರೆ "ಎರಡೂ ಒಂದೇ ಸಾರ್, ವಾಸನೆ ನೋಡಿ" ಎಂದ. ನೋಡಿದೆ. ಸಂಜೆಯವರೆಗೆ ಮೂಗು ಸತ್ತಿತ್ತು. ಆದರೆ ನೆಗೆಟಿವ್ ತೆಳುವಾಗುವುದಕ್ಕೆ ಇದು ಕಾರಣವಲ್ಲ.

ಸುಳಿವು ಸಿಕ್ಕಿದ್ದು ಕಡಲೆಕಾಯಿ ಪರಿಷೆಯ ಹಳೆಯ ರೋಲ್‌ನಿಂದ. ಅದೇ ಬಾಟಲಿ, ಅದೇ 2.87, ಆದರೂ ಚೆನ್ನಾಗಿ ಬಂದಿತ್ತು. ರಾತ್ರಿಯ ಚಿತ್ರಗಳು, ಬಹುಪಾಲು ಕತ್ತಲು. ಲಾಲ್‌ಬಾಗ್‌ನವು ಪೂರ್ತಿ ಬೆಳಕು. ಬೆಳಕು ತಾಗಿದಷ್ಟೂ ಬೆಳ್ಳಿ ಹೆಚ್ಚು, ಬೆಳ್ಳಿ ಹೆಚ್ಚಿದಷ್ಟೂ ಡೆವಲಪರ್ ಖರ್ಚು ಹೆಚ್ಚು. ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದು ಕಳಿಸುವ ಅಂಚಿನ ಅಂಕಿಗಳೂ ಲಾಲ್‌ಬಾಗ್ ರೋಲ್‌ಗಳಲ್ಲಿ ಮಂಕಾಗಿದ್ದವು. ಅಲ್ಲಿಗೆ ಕ್ಯಾಮೆರಾ ನಿರ್ದೋಷಿ. ಉಪ್ಪು ಖಾರ ಸರಿಯಿದ್ದ ಮಾತ್ರಕ್ಕೆ ಒಂದು ಲೋಟ ಸಾರನ್ನು ಹತ್ತು ಎಲೆಗೆ ಬಡಿಸಲಾಗುತ್ತದೆಯೇ? ನಾನು ಹದವನ್ನಷ್ಟೇ ಲೆಕ್ಕ ಹಾಕಿದ್ದೆ, ಎಲೆಗಳನ್ನು ಎಣಿಸಿರಲಿಲ್ಲ. ರೋಲ್ ಒಂದಕ್ಕೆ ಐದು ಮಿ.ಲೀ.ಗಿಂತ ಕೆಳಗೆ ಇಳಿಯಬೇಡ ಎಂದು ಹಳಬರು ಹೇಳುತ್ತಿದ್ದುದನ್ನು ಜಿಪುಣರಲ್ಲದವರ ಮಾತು ಎಂದು ತಳ್ಳಿಹಾಕಿದ್ದೆ.

ಪರಿಹಾರ: ಎರಡು ರೀಲಿನ (ಫಿಲ್ಮ್ ಸುತ್ತುವ ಸುರುಳಿ) ಟ್ಯಾಂಕ್. ಕೆಳಗೆ ಫಿಲ್ಮ್, ಮೇಲೆ ಖಾಲಿ ರೀಲ್, 580 ಮಿ.ಲೀ. ದ್ರಾವಣ, ಅದರಲ್ಲಿ ಡೆವಲಪರ್ 5.74. ಒಂದು ರೋಲಿಗೆ ಇಷ್ಟು ನೀರು ಸುರಿಯುವಾಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅನಿಸಿತು, ನಿಜ.

ಮುಂದಿನದು ಸಯನೋಟೈಪ್, ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ, ಬಿಸಿಲಿನಲ್ಲಿ ಕಾಗದದ ಮೇಲೆ ಮೂಡುವ ನೀಲಿ ಮುದ್ರಣ. ಫೆರಿಕ್ ಅಮೋನಿಯಂ ಸಿಟ್ರೇಟ್ ಶೇ. 25, ಪೊಟ್ಯಾಸಿಯಂ ಫೆರಿಸಯನೈಡ್ ಶೇ. 10, ಸಮಪಾಲು ಬೆರೆಸಿದರೆ ಒಂದನ್ನೊಂದು ತೆಳುಮಾಡಿಕೊಂಡು 12.5 ಮತ್ತು 5ಕ್ಕೆ ಇಳಿಯುತ್ತವೆ. ಈ ಸಲ ಕಾಗದದ ವಿಸ್ತೀರ್ಣವನ್ನೂ ಮೊದಲೇ ಅಳೆದಿಟ್ಟಿದ್ದೇನೆ. ತೊಡಕು ಬಿಸಿಲಿನದು. ಮಹಡಿಯಲ್ಲಿ ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿ ಸದ್ಯಕ್ಕೆ ಅಮ್ಮನ ಸಂಡಿಗೆ ಒಣಗುತ್ತಿದೆ.