8 ಗೆಲುವು, 16 ಸೋಲು, ಆದರೂ ಲೀಗ್‌ಗೇ ಮೊದಲು

ಬೇಸ್‌ಬಾಲ್‌ನಲ್ಲಿ ಯಾರು ದೊಡ್ಡವರು ಅನ್ನೋ ಮಾತು ಬಂದರೆ ಎರಡು ಲೆಕ್ಕ ತಪ್ಪದೆ ಬರುತ್ತವೆ. ಇಡೀ ವೃತ್ತಿಜೀವನದಲ್ಲಿ ಬ್ಯಾಟರ್‌ಗೆ 3000 ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟೋದು), ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, 300 ಗೆಲುವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ನನಗಂತೂ ಒಪ್ಪಿಗೆಯಿಲ್ಲ.

ಹಿಟ್ ಬಹುಪಾಲು ಬ್ಯಾಟರ್‌ನ ಸ್ವಂತ ದುಡಿಮೆ. ಟೋನಿ ಗ್ವಿನ್ 3141 ಹಿಟ್ ಹೊಡೆದದ್ದು ತನ್ನ ಕೈಯಿಂದಲೇ. ಪಿಚರ್ ಕಥೆ ಬೇರೆ. ಅವನು ಎಷ್ಟೇ ಚೆನ್ನಾಗಿ ಎಸೆಯಲಿ, ತನ್ನ ತಂಡದವರು ರನ್ ಹೊಡೆಯದಿದ್ದರೆ ಗೆಲುವು ಬರೋಲ್ಲ. ಕ್ರಿಕೆಟ್‌ನಲ್ಲಿ ತಂಡ ಸೋತರೆ ಆ ಸೋಲನ್ನು ಒಬ್ಬ ಬೌಲರ್ ಹೆಸರಿಗೆ ಬರೀತಾರಾ? ಇಲ್ಲಿ ಬರೀತಾರೆ!

1987ರಲ್ಲಿ ಪಿಚರ್ ನೋಲನ್ ರಯಾನ್‌ಗೆ ಆದದ್ದನ್ನೇ ನೋಡಿ. ವಯಸ್ಸು 40, ತಂಡ ಹ್ಯೂಸ್ಟನ್ ಆಸ್ಟ್ರೋಸ್. ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದು ಬಿಟ್ಟು ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ನಿನ ಸರಾಸರಿ, ಅಂದರೆ ಇಆರ್‌ಎ, 2.76. ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲೇ ಅತಿ ಕಡಿಮೆ. 270 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಅದೂ ಲೀಗ್‌ಗೇ ಜಾಸ್ತಿ. ಕೊನೆಗೆ ಹೆಸರಿನ ಮುಂದೆ ಬಿದ್ದದ್ದು 8 ಗೆಲುವು, 16 ಸೋಲು. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೆ ಆ ವರ್ಷವೂ ಇಲ್ಲ, ಮುಂದೆಯೂ ಸಿಗಲಿಲ್ಲ. (ಹಾಗಂತ ರಯಾನ್ ಪಾಪದವನೇನಲ್ಲ. ಒಟ್ಟು 2795 ವಾಕ್, ಅಂದರೆ ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್, ಕೊಟ್ಟಿದ್ದಾನೆ, ಅದಕ್ಕೆ ಬೇರೆ ಯಾರನ್ನೂ ದೂರೋ ಹಾಗಿಲ್ಲ.)

ಕಾಲದ ಲೆಕ್ಕವೂ ಇದೆ. 1968ರಲ್ಲಿ ಪಿಚರ್ ಬಾಬ್ ಗಿಬ್ಸನ್ ಇಆರ್‌ಎ 1.12. ಅದೇ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಸರಾಸರಿಗೆ ಸಿಗುವ ಬ್ಯಾಟಿಂಗ್ ಕಿರೀಟ ಗೆದ್ದ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಸರಾಸರಿ ಬರೀ .301, ಅಂದರೆ ಹತ್ತು ಸರದಿಗೆ ಸುಮಾರು ಮೂರು ಹಿಟ್. ಪಿಚರ್ ದೇವರಂತೆ, ಬ್ಯಾಟರ್ ಸಾಧಾರಣ ಅನ್ನಿಸುತ್ತೆ ಅಲ್ವಾ? ಆದರೆ ಅದು ಪಿಚರ್‌ಗಳದ್ದೇ ವರ್ಷ. ಬ್ಯಾಟರ್‌ಗೆ ಅನುಕೂಲ ಆಗಲಿ ಅಂತ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು.

ಅದಕ್ಕೇ ನಾನು ಮೊದಲು ನೋಡೋದು ಇಆರ್‌ಎಯನ್ನು ಆ ಕಾಲದ ಲೀಗ್ ಜೊತೆ ಹೋಲಿಸುವ ಇಆರ್‌ಎ ಪ್ಲಸ್, ಬ್ಯಾಟರ್ ಆದರೆ ಬ್ಯಾಟಿಂಗನ್ನು ಹಾಗೇ ಹೋಲಿಸುವ ಒಪಿಎಸ್ ಪ್ಲಸ್. ಎರಡರಲ್ಲೂ 100 ಅಂದರೆ ಆ ಕಾಲದ ಲೀಗ್ ಸರಾಸರಿ, ಜಾಸ್ತಿ ಇದ್ದಷ್ಟೂ ಒಳ್ಳೇದು. ಮೈದಾನದ ಲಾಭ ನಷ್ಟವನ್ನೂ ಅದರಲ್ಲೇ ಸರಿಮಾಡಿರುತ್ತಾರೆ. ರಯಾನ್ 324 ಗೆಲುವು, ಇಆರ್‌ಎ ಪ್ಲಸ್ 112. ಇನ್ನೊಬ್ಬ ಪಿಚರ್ ಪೆಡ್ರೊ ಮಾರ್ಟಿನೆಜ್ 219 ಗೆಲುವು, ಇಆರ್‌ಎ ಪ್ಲಸ್ 154. ನಾನು ಪೆಡ್ರೊ ಕಡೆ. ರಯಾನ್ ಅಭಿಮಾನಿಗಳು ಇನಿಂಗ್ಸ್ ಲೆಕ್ಕ ತೆಗೀತಾರೆ: ಅವನದು 5386, ಪೆಡ್ರೊದು 2827. ಅದು ಸುಮ್ನೆ ತಳ್ಳಿಹಾಕೋ ಮಾತಲ್ಲ. ಆದರೂ ಒಂದೇ ಒಂದು ಪಂದ್ಯ ಗೆಲ್ಲಬೇಕು ಅಂದರೆ ಚೆಂಡನ್ನು ನಾನು ಪೆಡ್ರೊ ಕೈಗೇ ಕೊಡೋದು.